ಬೆಂಕಿಗೆ ಮೀಸಲು ನೀರೆಷ್ಟು?

ಬೇಸಗೆ ಬಂದಿತೆಂದರೆ ನಮ್ಮ ಊರುಗಳಲ್ಲಿ ಎರಡು ಕೂಗುಗಳು ಜೊತೆಯಾಗಿ ಏಳುವುದು ವಾಡಿಕೆಯಾಗಿದೆ. ನಲ್ಲಿಯಲ್ಲಿ ನೀರಿಲ್ಲವೆಂಬುದು ಒಂದು. ಎಲ್ಲಿಯೋ ಅಂಗಡಿಗೋ ಗೋದಾಮಿಗೋ ಬೆಂಕಿ ಬಿದ್ದಿತೆಂಬುದು ಇನ್ನೊಂದು. ಮೊದಲನೆಯದಕ್ಕೆ ನೀರು ಸರಬರಾಜಿನವರು ಸಮಾಧಾನ ಹೇಳುತ್ತಾರೆ, ಎರಡನೆಯದಕ್ಕೆ ಅಗ್ನಿಶಾಮಕ ದಳದವರು. ಇವೆರಡೂ ಒಂದೇ ಲೆಕ್ಕದ ಎರಡು ಬಾಬುಗಳೆಂಬುದು ಮಾತ್ರ ಯಾವ ಕಚೇರಿಯ ಕಡತದಲ್ಲಿಯೂ ಸುಲಭವಾಗಿ ಕಾಣಬರುವುದಿಲ್ಲ. ಬೆಂಕಿಯಾದ ಮರುದಿನ ಮಹಾಜನರು ಕೇಳುವ ಪ್ರಶ್ನೆಯೂ ಒಂದೇ: ಬೆಂಕಿ ಎಂಜಿನು ಎಷ್ಟು ಹೊತ್ತಿಗೆ ಬಂದಿತು? ಬಂದ ಎಂಜಿನಿಗೆ ನೀರು ಎಲ್ಲಿಂದ ದೊರೆಯಿತು, ನಿಮಿಷಕ್ಕೆಷ್ಟು ದೊರೆಯಿತು, ಎಷ್ಟು ಹೊತ್ತು ದೊರೆಯಿತು ಎಂದು ಕೇಳುವವರು ವಿರಳ. ಈ ಪ್ರಶ್ನೆಗೆ ಉತ್ತರ ಹುಡುಕುವುದು ಇಂಜನಿಯರುಗಳಿಗೆ ಮಾತ್ರ ಸಾಧ್ಯವಾದ ಕಠಿನ ವಿದ್ಯೆಯೇನೂ ಅಲ್ಲ. ಗುಣಾಕಾರ, ಭಾಗಾಕಾರ, ವರ್ಗಮೂಲ ಇಷ್ಟನ್ನು ಬಲ್ಲವರು ತಮ್ಮ ಊರಿನ ಲೆಕ್ಕವನ್ನು ತಾವೇ ಹಾಕಬಹುದು. ಹಾಕಿ ನೋಡಬೇಕೆಂಬುದೇ ನಮ್ಮ ಈ ಬರಹದ ಉದ್ದೇಶ.

ಮೊದಲು ನೀರಿನ ಗುಣವನ್ನು ನೋಡೋಣ. ಒಂದು ಲೀಟರು ತಣ್ಣೀರು ಕುದಿಯುವ ಹಂತಕ್ಕೆ ಬರುವಾಗ ಹೀರುವ ಶಾಖ ಅಲ್ಪ; ಕುದಿದು ಆವಿಯಾಗುವಾಗ ಹೀರುವ ಶಾಖ ಅದರ ಆರೇಳು ಪಟ್ಟು. ಎರಡೂ ಸೇರಿ ಸುಮಾರು ೨೬ ಲಕ್ಷ ಜೂಲುಗಳು. ಒಂದು ಕಿಲೋ ಒಣ ಮರವೋ ಹತ್ತಿಬಟ್ಟೆಯೋ ಉರಿದರೆ ಹೊರಡುವ ಶಾಖ ಒಂದು ಕೋಟಿ ೭೦ ಲಕ್ಷ ಜೂಲುಗಳ ಆಸುಪಾಸು. ಅಂದರೆ, ಹಾಕಿದ ನೀರೆಲ್ಲವೂ ಹನಿಯೂ ವ್ಯರ್ಥವಾಗದೆ ಆವಿಯಾದರೂ ಕಿಲೋ ಒಂದಕ್ಕೆ ಆರೂವರೆ ಲೀಟರು ನೀರು ಬೇಕಾಯಿತು. ಹತ್ತು ಕ್ವಿಂಟಾಲು ಬಟ್ಟೆ ತುಂಬಿದ ಒಂದು ಸಾಮಾನ್ಯ ಅಂಗಡಿಯ ಪೂರ್ಣ ಶಾಖವನ್ನು ಹೀರಲು ೬,೫೦೦ ಲೀಟರು. ಹನಿಯೂ ವ್ಯರ್ಥವಾಗದಿರುವುದು ಪ್ರಪಂಚದಲ್ಲಿ ಎಲ್ಲಿಯೂ ನಡೆಯದ ಮಾತು. ಗೋಡೆಗೆ ಬಡಿದು, ನೆಲಕ್ಕೆ ಹರಿದು, ಚರಂಡಿ ಸೇರುವ ಪಾಲೇ ದೊಡ್ಡದು. ಮೂರರಲ್ಲೊಂದು ಪಾಲು ಕೆಲಸಕ್ಕೆ ಬಂದಿತೆಂದು ಹಿಡಿದರೂ ಆ ಒಂದು ಅಂಗಡಿಗೆ ೨೦,೦೦೦ ಲೀಟರಿನ ಮಾತಾಯಿತು.

ಆದರೆ ಒಟ್ಟು ನೀರಿಗಿಂತ ಮುಖ್ಯವಾದುದು ನೀರಿನ ವೇಗ. ಉರಿಯು ಕ್ಷಣಕ್ಷಣಕ್ಕೂ ಶಾಖವನ್ನು ಕಾರುತ್ತಿರುವಾಗ, ಅದಕ್ಕಿಂತ ನಿಧಾನವಾಗಿ ಸುರಿದ ನೀರು ಎಷ್ಟು ಹೊತ್ತು ಸುರಿದರೂ ಫಲವಿಲ್ಲ. ನಿಮಿಷಕ್ಕೆ ೧,೦೦೦ ಲೀಟರು ಬೇಕಾದಲ್ಲಿ ೨೦೦ ಲೀಟರಿನಂತೆ ಐದು ಪಟ್ಟು ಹೊತ್ತು ಸುರಿದರೆ ಲೆಕ್ಕ ಕಾಗದದಲ್ಲಿ ಸರಿಹೋಗುತ್ತದೆ. ಕಟ್ಟಡ ಮಾತ್ರ ಬೂದಿಯಾಗಿರುತ್ತದೆ. ಆದುದರಿಂದಲೇ ಈ ಶಾಸ್ತ್ರವನ್ನು ಬಲ್ಲವರು ಮೊದಲು ನಿಮಿಷಕ್ಕಿಷ್ಟು ಎಂದು ನಿಗದಿ ಮಾಡಿ, ಅನಂತರ ಎಷ್ಟು ಹೊತ್ತು ಎಂಬುದನ್ನು ಸೇರಿಸುತ್ತಾರೆ.

ಈ ವೇಗವನ್ನು ಅಂದಾಜು ಮಾಡುವ ಬಗೆಗಳು ಹಲವು. ಅಮೆರಿಕದ ಅಯೋವಾ ಸ್ಟೇಟ್ ವಿದ್ಯಾಸಂಸ್ಥೆಯಲ್ಲಿ ರಾಯರ್ ಮತ್ತು ನೆಲ್ಸನ್ ಎಂಬಿಬ್ಬರು ಕೊಠಡಿಗಳಿಗೆ ಬೆಂಕಿಯಿಟ್ಟು ಪರೀಕ್ಷಿಸಿ ಕಂಡುಹಿಡಿದ ಸೂತ್ರವು ಬಹು ಸರಳವಾದುದು: ಕೊಠಡಿಯ ಘನ ಅಡಿಗಳನ್ನು ನೂರರಿಂದ ಭಾಗಿಸಿದರೆ ನಿಮಿಷಕ್ಕೆ ಬೇಕಾದ ಗ್ಯಾಲನ್ನುಗಳು ಬರುತ್ತವೆ. ಮೂವತ್ತು ಅಡಿ ಉದ್ದ, ಇಪ್ಪತ್ತು ಅಡಿ ಅಗಲ, ಹತ್ತು ಅಡಿ ಎತ್ತರದ ಕೊಠಡಿಗೆ ೬೦ ಗ್ಯಾಲನ್, ಅಂದರೆ ಸುಮಾರು ೨೨೭ ಲೀಟರು. ಅದೇ ದೇಶದ ರಾಷ್ಟ್ರೀಯ ಅಗ್ನಿಶಾಮಕ ಅಕಾಡೆಮಿಯವರ ಸೂತ್ರದಂತೆ ಉದ್ದವನ್ನು ಅಗಲದಿಂದ ಗುಣಿಸಿ ಮೂರರಿಂದ ಭಾಗಿಸಬೇಕು. ಆಗ ಅದೇ ಕೊಠಡಿಗೆ ೨೦೦ ಗ್ಯಾಲನ್, ಎಂದರೆ ೭೫೦ ಲೀಟರಿಗೂ ಮೇಲೆ. ಒಂದೇ ಕೊಠಡಿಗೆ ಎರಡು ಸೂತ್ರಗಳು ಮೂರು ಪಟ್ಟಿಗೂ ಮಿಕ್ಕ ಅಂತರದಲ್ಲಿ ಮಾತನಾಡುತ್ತಿರುವಾಗ ಓದುಗರು ಯಾವುದನ್ನು ನಂಬಬೇಕು? ಎರಡನ್ನೂ ನಂಬಬಹುದೆಂದು ನಮ್ಮ ಅಭಿಪ್ರಾಯ. ಮೊದಲನೆಯದು ಬಾಗಿಲು ಕಿಟಕಿ ಮುಚ್ಚಿದ ಕೊಠಡಿಯ ಲೆಕ್ಕ. ಅಲ್ಲಿ ಗಾಳಿಯಿರುವಷ್ಟೇ ಉರಿ. ಒಳಗೆ ಹಾಯಿಸಿದ ನೀರು ಆವಿಯಾಗಿ ಸಾವಿರದ ಏಳುನೂರು ಪಟ್ಟು ಹಿಗ್ಗಿ ಕೊಠಡಿಯನ್ನೆಲ್ಲ ತುಂಬಿ ಉರಿಯನ್ನು ಉಸಿರುಗಟ್ಟಿಸುತ್ತದೆ. ಎರಡನೆಯದು ಗಾಜು ಒಡೆದು, ಬಾಗಿಲು ತೆರೆದು, ಗಾಳಿ ನುಗ್ಗಿದ ಕೊಠಡಿಯ ಲೆಕ್ಕ. ಬೆಂಕಿ ಬಿದ್ದ ಕೋಣೆಯ ಬಾಗಿಲನ್ನು ಮುಚ್ಚಿಕೊಂಡು ಹೊರಬರುವ ಮನೆಯವನು ತನಗರಿವಿಲ್ಲದೆಯೇ ಊರಿನ ನೀರಿನಲ್ಲಿ ಮೂರರಲ್ಲೆರಡು ಪಾಲನ್ನು ಉಳಿಸಿಕೊಟ್ಟಂತಾಯಿತು.

ಮೂರನೆಯ ಬಗೆಯೊಂದುಂಟು, ಅದು ಅಮೆರಿಕದ ವಿಮಾ ವ್ಯವಹಾರದವರದು. ಹಣ ಕಟ್ಟಿಕೊಡಬೇಕಾದವರು ತಾವಾದುದರಿಂದ ಅವರ ಲೆಕ್ಕದಲ್ಲಿ ದಾಕ್ಷಿಣ್ಯಕ್ಕೆ ಎಡೆಯಿಲ್ಲ. ಕಟ್ಟಡದ ವಿಸ್ತೀರ್ಣದ ವರ್ಗಮೂಲವನ್ನು ಹದಿನೆಂಟರಿಂದ ಗುಣಿಸಿ, ಕಟ್ಟಡದ ಜಾತಿಗೆ ತಕ್ಕ ಅಂಕದಿಂದ ಮತ್ತೆ ಗುಣಿಸುತ್ತಾರೆ. ಮರದ ಕಟ್ಟಡಕ್ಕೆ ಆ ಅಂಕ ಒಂದೂವರೆ; ಬೆಂಕಿ ತಡೆಯುವಂತೆ ಕಟ್ಟಿದ ಕಾಂಕ್ರೀಟಿನ ಕಟ್ಟಡಕ್ಕೆ ದಶಾಂಶ ಆರು. ೨,೫೦೦ ಚದರ ಅಡಿಯ ಕಟ್ಟಡ ಮರದ್ದಾದರೆ ನಿಮಿಷಕ್ಕೆ ಸುಮಾರು ೫,೧೦೦ ಲೀಟರು, ಕಾಂಕ್ರೀಟಿನದಾದರೆ ೨,೦೫೦ ಲೀಟರು ಎಂದು ಬರುತ್ತದೆ. ಇದರ ಮೇಲೆ ಒಳಗೆ ತುಂಬಿರುವ ಸರಕು ಯಾವುದು, ಪಕ್ಕದ ಕಟ್ಟಡ ಎಷ್ಟು ದೂರದಲ್ಲಿದೆ ಎಂಬುದನ್ನು ನೋಡಿ ಏರಿಳಿಸುತ್ತಾರೆ. ಸಣ್ಣ ಮನೆಗಳ ವಿಷಯದಲ್ಲಿಯೂ ಅಷ್ಟೆ. ದೂರ ದೂರ ನಿಂತ ಮನೆಗಳಿಗೆ ನಿಗದಿಯಾದ ನೀರಿನ ಮೂರು ಪಟ್ಟನ್ನು ಹತ್ತು ಅಡಿಯೊಳಗೆ ಒತ್ತಾಗಿ ನಿಂತ ಮನೆಗಳಿಗೆ ಹೇಳಿದ್ದಾರೆ. ಗೋಡೆಗೆ ಗೋಡೆ ತಾಗಿದ ನಮ್ಮ ಪೇಟೆಬೀದಿಗಳನ್ನು ಅವರು ನೋಡಿದ್ದರೆ ಎಷ್ಟು ಹೇಳುತ್ತಿದ್ದರೋ ಊಹಿಸುವುದು ಕಷ್ಟ.

ಇನ್ನು ನಮ್ಮ ಬೆಂಕಿ ಎಂಜಿನಿನ ಕಡೆಗೆ ತಿರುಗೋಣ. ನಮ್ಮಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿರುವ ನೀರಿನ ಎಂಜಿನು ಹೊತ್ತು ತರುವುದು ೪,೫೦೦ ಲೀಟರು. ಅದರ ಪಂಪು ನಿಮಿಷಕ್ಕೆ ೨,೨೫೦ ಲೀಟರು ತಳ್ಳಬಲ್ಲದು. ಪಂಪನ್ನು ಪೂರ್ಣ ಬಲದಲ್ಲಿ ನಡೆಸಿದರೆ ಎರಡೇ ನಿಮಿಷಕ್ಕೆ ತೊಟ್ಟಿ ಬರಿದು! ಅರವತ್ತು ಅಡಿಗೆ ನಲವತ್ತು ಅಡಿಯ ಒಂದು ಅಂತಸ್ತಿನ ಗೋದಾಮು ಪೂರ್ತಿಯಾಗಿ ಹೊತ್ತಿಕೊಂಡಿತೆನ್ನಿ. ಅಕಾಡೆಮಿಯವರ ಸೂತ್ರದಂತೆ ನಿಮಿಷಕ್ಕೆ ೩,೦೦೦ ಲೀಟರು ಬೇಕು. ಒಂದು ಎಂಜಿನಿನ ನೀರು ಒಂದೂವರೆ ನಿಮಿಷದ ಮಾತು. ಬರಿದಾದ ಎಂಜಿನು ನೀರು ತುಂಬಿಕೊಂಡು ಬರಬೇಕು. ನೀರಿರುವ ಸ್ಥಳಕ್ಕೆ ಹೋಗಿ, ತುಂಬಿಸಿ, ಸಂದಣಿಯ ಬೀದಿಗಳನ್ನು ದಾಟಿ ಹಿಂದಿರುಗಲು ಅರ್ಧ ಗಂಟೆ ಹಿಡಿಯುವುದಾದರೆ ಆ ಎಂಜಿನು ನಿಮಿಷಕ್ಕೆ ಸರಾಸರಿ ಒದಗಿಸಿದುದು ೧೫೦ ಲೀಟರು ಮಾತ್ರ. ೩,೦೦೦ ಲೀಟರನ್ನು ಎಡೆಬಿಡದೆ ಒದಗಿಸಲು ಇಂಥ ಎಂಜಿನುಗಳು ಇಪ್ಪತ್ತು ಬೇಕಾದುವು. ಅದೇ ನೀರಿನ ತೊಟ್ಟಿ ಹತ್ತಿರದಲ್ಲಿದ್ದು ಹೋಗಿಬರಲು ಹತ್ತು ನಿಮಿಷ ಸಾಕಾದರೆ ಏಳು ಎಂಜಿನುಗಳು ಸಾಕು. ತೊಟ್ಟಿಯು ಅದೇ ಬೀದಿಯಲ್ಲಿದ್ದು ಅದರೊಳಕ್ಕೇ ಪಂಪಿನ ಕೊಳವೆಯನ್ನು ಇಳಿಬಿಡಬಹುದಾದರೆ ಎರಡೇ ಎಂಜಿನುಗಳು ಆ ಕೆಲಸವನ್ನು ಮಾಡಿಯಾವು. ಹದಿನೆಂಟು ಎಂಜಿನುಗಳ ಕ್ರಯ, ಅವುಗಳ ಚಾಲಕರ ಸಂಬಳ, ಇವನ್ನೆಲ್ಲ ಒಂದು ಗಾರೆಯ ತೊಟ್ಟಿ ಉಳಿಸಿಕೊಡುತ್ತದೆ. ಹೊಸ ಎಂಜಿನುಗಳನ್ನು ಹೂಮಾಲೆ ಹಾಕಿ ಬೀದಿಗಿಳಿಸುವ ಉತ್ಸವಗಳು ನಡೆಯುವುದುಂಟು. ನೆಲದೊಳಗಿನ ತೊಟ್ಟಿಗೆ ಮಾಲೆ ಹಾಕಲು ಅನುಕೂಲವಿಲ್ಲದಿರುವುದು ಆ ತೊಟ್ಟಿಯ ದುರದೃಷ್ಟವೆನ್ನಬೇಕು.

ಒಂದು ಕಟ್ಟಡದ ಲೆಕ್ಕ ಹೀಗಾದರೆ ಊರಿನ ಲೆಕ್ಕ ಹೇಗೆ? ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಫ್ರೀಮನ್, ಕೂಶ್ಲಿಂಗ್ ಮೊದಲಾದ ಇಂಜನಿಯರುಗಳು ಜನಸಂಖ್ಯೆಯಿಂದಲೇ ಬೆಂಕಿಯ ನೀರನ್ನು ಅಂದಾಜು ಮಾಡುವ ಸೂತ್ರಗಳನ್ನು ಕಟ್ಟಿದರು. ಸಾವಿರಗಳಲ್ಲಿ ಹೇಳಿದ ಜನಸಂಖ್ಯೆಯ ವರ್ಗಮೂಲವನ್ನು ೭೦೦ರಿಂದ ಗುಣಿಸಿದರೆ ನಿಮಿಷಕ್ಕೆ ಬೇಕಾದ ಗ್ಯಾಲನ್ನುಗಳು ಎಂದು ಕೂಶ್ಲಿಂಗರ ಮತ. ಅಲ್ಲಿನ ಅಗ್ನಿವಿಮಾದಾರರ ಮಂಡಳಿಯವರು ೧,೦೨೦ರಿಂದ ಗುಣಿಸಿ ಸ್ವಲ್ಪ ಕಳೆಯಬೇಕೆಂದರು. ಈ ಸೂತ್ರಗಳು ನಮ್ಮ ಇಂಜನಿಯರಿಂಗ್ ಕಾಲೇಜುಗಳ ಪಠ್ಯಗಳಲ್ಲಿ ಇಂದಿಗೂ ಇವೆ. ಲೀಟರಿಗೆ ತಿರುಗಿಸುವಾಗ ೭೦೦ ಎಂಬುದು ೩,೧೮೨ ಆಗಿದೆ, ೧,೦೨೦ ಎಂಬುದು ೪,೬೩೭ ಆಗಿದೆ. ಭಾಗಿಸಿ ನೋಡಿದವರಿಗೆ ಎರಡು ಕಡೆಯೂ ೪.೫೪೬ ಬರುತ್ತದೆ. ಇದು ಇಂಗ್ಲೆಂಡಿನ ಗ್ಯಾಲನ್! ಅಮೆರಿಕದ ಗ್ಯಾಲನ್ನಿಗೆ ೩.೭೮೫ ಲೀಟರು ಮಾತ್ರ. ಅಮೆರಿಕದವರ ಸೂತ್ರವನ್ನು ಆಂಗ್ಲರ ಅಳತೆಯಿಂದ ಅಳೆದುದರ ಫಲವಾಗಿ ನಮ್ಮ ಪುಸ್ತಕಗಳ ಅಂಕಿಗಳು ಐದರಲ್ಲೊಂದು ಪಾಲು ಉಬ್ಬಿವೆ. ಪರರಾಜ್ಯದ ಗ್ಯಾಲನ್ ಬಿಟ್ಟು ಲೀಟರಿಗೆ ಬಂದು ದಶಕಗಳು ಕಳೆದರೂ ಅದರ ನೆರಳು ಹೀಗೆ ಸೂತ್ರಗಳಲ್ಲಿ ಅಡಗಿರುವುದು ಸೋಜಿಗವೇ ಸರಿ. ಹೆಚ್ಚು ನೀರಿನ ಕಡೆಗೆ ಆದ ವ್ಯತ್ಯಾಸವಾದುದರಿಂದ ಹಾನಿಯಿಲ್ಲ. ಆದರೆ ವಿದ್ಯಾರ್ಥಿಗಳು ಕಂಠಪಾಠ ಮಾಡುವ ಅಂಕಿಗಳನ್ನು ಅಧ್ಯಾಪಕರು ಒಮ್ಮೆ ಭಾಗಿಸಿ ನೋಡುವುದು ಒಳ್ಳೆಯದು.

ನಮ್ಮ ದೇಶದ ನಿಯಮ ಇದಕ್ಕಿಂತ ಮಿತವಾದುದು. ಕೇಂದ್ರ ಸರ್ಕಾರದ ಸಾರ್ವಜನಿಕ ಆರೋಗ್ಯ ಇಂಜನಿಯರಿಂಗ್ ಸಂಸ್ಥೆಯವರು ೧೯೯೯ರಲ್ಲಿ ಹೊರಡಿಸಿದ ನೀರು ಸರಬರಾಜಿನ ಕೈಪಿಡಿಯಲ್ಲಿ, ೫೦,೦೦೦ಕ್ಕೆ ಮೇಲ್ಪಟ್ಟ ಜನವಸತಿಯ ಊರುಗಳು ಸಾವಿರಗಳಲ್ಲಿ ಹೇಳಿದ ಜನಸಂಖ್ಯೆಯ ವರ್ಗಮೂಲದ ನೂರು ಪಟ್ಟು ಕಿಲೋಲೀಟರುಗಳನ್ನು ಬೆಂಕಿಗಾಗಿ ಇಟ್ಟುಕೊಳ್ಳಬಹುದೆಂದು ಹೇಳಿದೆ. ಒಂದು ಲಕ್ಷ ಜನರ ಊರಿಗೆ ಇದು ೧೦ ಲಕ್ಷ ಲೀಟರು. ತಲೆಗೆ ೧೩೫ ಲೀಟರಿನಂತೆ ಆ ಊರಿನ ದಿನದ ಬಳಕೆ ೧೩೫ ಲಕ್ಷ ಲೀಟರಾಗುವುದರಿಂದ ಬೆಂಕಿಯ ಪಾಲು ಅದರಲ್ಲಿ ಹದಿಮೂರನೆಯ ಒಂದು ಭಾಗಕ್ಕೂ ಕಡಮೆ. ಇದನ್ನು ಇಡುವ ರೀತಿಯನ್ನೂ ಕೈಪಿಡಿ ಹೇಳಿದೆ. ಮೂರರಲ್ಲೊಂದು ಪಾಲು ಊರಿನ ಸರಬರಾಜಿನ ತೊಟ್ಟಿಗಳಲ್ಲಿಯೇ ಇರಬೇಕು. ಉಳಿದೆರಡು ಪಾಲು ಊರಿನ ಮುಖ್ಯ ಸ್ಥಳಗಳಲ್ಲಿ ಹರಡಿದ ಪ್ರತ್ಯೇಕ ತೊಟ್ಟಿಗಳಲ್ಲಿ ನಿಂತಿರಬೇಕು. ಅವುಗಳನ್ನು ಕೆರೆ, ಹಳ್ಳ, ಕಾಲುವೆಗಳ ನೀರಿನಿಂದ ತುಂಬಿದರೂ ಆದೀತು. ಕುಡಿಯುವ ನೀರನ್ನು ಬೆಂಕಿಗೆ ಸುರಿಯುವುದೇಕೆಂದು ಆಕ್ಷೇಪಿಸುವವರಿಗೆ ಇದರಲ್ಲಿಯೇ ಉತ್ತರವಿದೆ. ಲಕ್ಷ ಜನರ ಊರೊಂದರಲ್ಲಿ ೬ ಲಕ್ಷ ೬೭ ಸಾವಿರ ಲೀಟರಿನಷ್ಟು ಇಂಥ ನಿಂತ ನೀರು ಇರಬೇಕಾಯಿತು. ಓದುಗರು ತಮ್ಮ ಊರಿನ ಬೀದಿಗಳನ್ನು ಮನಸ್ಸಿನಲ್ಲಿಯೇ ಒಮ್ಮೆ ಸುತ್ತಿ ಬಂದು, ಈ ತೊಟ್ಟಿಗಳು ಎಲ್ಲೆಲ್ಲಿವೆಯೆಂದು ಎಣಿಸಿಕೊಳ್ಳಲಿ.

ಈ ನಿಯಮದಲ್ಲಿ ನಮಗೆ ತೋರುವ ಕೊರತೆಗಳನ್ನು ಹೇಳುವುದೂ ಅಗತ್ಯ. ಮೊದಲನೆಯದು, ದಿನಕ್ಕಿಷ್ಟು ಎಂದು ಹೇಳಿ ನಿಮಿಷಕ್ಕಿಷ್ಟು ಎಂಬುದನ್ನು ಈ ಸೂತ್ರ ಹೇಳದಿರುವುದು. ಅಮೆರಿಕದ ವಿಮೆಯವರು ದೊಡ್ಡ ಕಟ್ಟಡವೊಂದಕ್ಕೆ ನಿಮಿಷಕ್ಕೆ ೨,೫೦೦ ಗ್ಯಾಲನ್ ಬೇಕೆಂದು ಕಂಡಲ್ಲಿ ಅದು ಎರಡು ಗಂಟೆಗಳ ಕಾಲ ನಿಲ್ಲದೆ ಬರಬೇಕೆನ್ನುತ್ತಾರೆ. ಲೀಟರಿನಲ್ಲಿ ಇದು ನಿಮಿಷಕ್ಕೆ ೯,೪೬೦. ಎರಡು ಗಂಟೆಗೆ ೧೧ ಲಕ್ಷ ೩೫ ಸಾವಿರ. ನಮ್ಮ ಲಕ್ಷ ಜನರ ಊರಿನ ಇಡಿಯ ಮೀಸಲು ಒಂದು ಕಟ್ಟಡಕ್ಕೆ ಸಾಲದೆ ಹೋಯಿತು. ಇನ್ನೊಂದು ಬಗೆಯಲ್ಲಿ ನೋಡಿ: ಆ ಊರಿನ ದಿನದ ೧೩೫ ಲಕ್ಷ ಲೀಟರನ್ನು ಹಗಲಿರುಳಿನ ೧,೪೪೦ ನಿಮಿಷಗಳಿಗೆ ಹಂಚಿದರೆ ನಿಮಿಷಕ್ಕೆ ೯,೩೭೫ ಲೀಟರು. ಲಕ್ಷ ಜನರು ಕುಡಿದು, ಮಿಂದು, ಒಗೆದು, ತೊಳೆಯಲು ಹರಿಯುವ ನೀರೂ, ಒಂದು ದೊಡ್ಡ ಕಟ್ಟಡ ಉರಿಯುವಾಗ ಕೇಳುವ ನೀರೂ ಸರಿಸಮವಾಗಿವೆ. ಊರಿನ ನಲ್ಲಿಗಳನ್ನೆಲ್ಲ ನಿಲ್ಲಿಸಿದರೂ ಕೊಳವೆಗಳಿಂದ ಇದು ಸಾಧ್ಯವಾಗುವ ಕೆಲಸವಲ್ಲ; ಹತ್ತಿರದಲ್ಲಿ ಕೂಡಿಟ್ಟ ನೀರಿನಿಂದಲೇ ಆಗಬೇಕು.

ಎರಡನೆಯದು, ಉರಿಯುವುದು ಜನಸಂಖ್ಯೆಯಲ್ಲ, ಸರಕು. ಬ್ಯಾಡಗಿಯನ್ನು ತೆಗೆದುಕೊಳ್ಳಿ. ಜನವಸತಿಯಲ್ಲಿ ೫೦,೦೦೦ವನ್ನು ಮುಟ್ಟದ ಸಣ್ಣ ಊರು. ಆದುದರಿಂದ ಈ ಸೂತ್ರದ ಕಟ್ಟಿಗೇ ಒಳಪಡದು. ಆದರೆ ಒಣಮೆಣಸಿನಕಾಯಿಯ ವ್ಯಾಪಾರದಲ್ಲಿ ದೇಶಕ್ಕೇ ಹೆಸರಾದ ಆ ಊರಿನ ಅಂಗಳಗಳಲ್ಲಿ, ಗೋದಾಮುಗಳಲ್ಲಿ, ಶೀತಲಗೃಹಗಳಲ್ಲಿ ಹಂಗಾಮಿನಲ್ಲಿ ರಾಶಿಬೀಳುವ ಚೀಲಗಳನ್ನು ನೋಡಿದವರು ಅಲ್ಲಿನ ನೀರನ್ನು ತಲೆಯೆಣಿಕೆಯಿಂದ ಅಳೆಯಲು ಒಪ್ಪಲಾರರು. ಹತ್ತಿಯ ಪೇಟೆಗಳು, ಅಡಕೆಯ ಮಂಡಿಗಳು, ಚನ್ನಪಟ್ಟಣದ ಮರದ ಕೆಲಸದ ಸಾಲುಗಳು, ಎಲ್ಲೆಡೆಯೂ ಇದೇ ಮಾತು. ಅಮೆರಿಕದವರೇ ತಮ್ಮ ಜನಸಂಖ್ಯೆಯ ಸೂತ್ರಗಳನ್ನು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಹಿಂದೆ ಬಿಟ್ಟು, ಮೇಲೆ ಹೇಳಿದಂತೆ ಕಟ್ಟಡ ಕಟ್ಟಡವನ್ನೇ ಅಳೆಯುವ ಪದ್ಧತಿಗೆ ಬಂದರು. ಬಿಟ್ಟವರು ಬಿಟ್ಟ ಮೇಲೂ ನಾವು ಅದನ್ನೇ ಹಿಡಿದು ಕೂತಿರಬೇಕಾದುದಿಲ್ಲ.

ಮೂರನೆಯದು ವರ್ಗಮೂಲದ ಮಾಯೆ. ೨೦೧೧ರ ಜನಗಣತಿಯ ೮೪ ಲಕ್ಷದ ಬೆಂಗಳೂರಿಗೆ ಈ ಸೂತ್ರ ಹೇಳುವುದು ಸುಮಾರು ೯೨ ಲಕ್ಷ ಲೀಟರು. ಲಕ್ಷ ಜನರ ಊರಿನಲ್ಲಿ ತಲೆಗೆ ೧೦ ಲೀಟರು ಮೀಸಲಾದರೆ ಬೆಂಗಳೂರಿನಲ್ಲಿ ತಲೆಗೆ ಒಂದು ಲೀಟರಿಗಿಂತ ಸ್ವಲ್ಪ ಮೇಲೆ. ಊರು ದೊಡ್ಡದಾದ ಮಾತ್ರಕ್ಕೆ ಎಲ್ಲ ಕಡೆಯೂ ಒಮ್ಮೆಗೇ ಬೆಂಕಿ ಬೀಳದೆಂಬ ನ್ಯಾಯದಿಂದ ವರ್ಗಮೂಲವನ್ನು ತಂದರು; ಅದು ಒಪ್ಪತಕ್ಕ ನ್ಯಾಯವೇ. ಆದರೆ ಒಂದು ಕೋಟೆಯೊಳಗಿನ ಪೇಟೆಯಂತೆ ಒತ್ತಾಗಿರುವ ಊರಿಗೆ ಹೊಂದುವ ಮಾತು, ಏಳುನೂರು ಚದರ ಕಿಲೋಮೀಟರಿಗೂ ಮಿಕ್ಕು ಹರಡಿದ ನಗರಕ್ಕೆ ಹೊಂದದು. ಯಲಹಂಕದ ತೊಟ್ಟಿಯ ನೀರು ಚಿಕ್ಕಪೇಟೆಯ ಬಟ್ಟೆಯಂಗಡಿಗೆ ಏನು ಪ್ರಯೋಜನ? ದೊಡ್ಡ ನಗರಗಳಲ್ಲಿ ವಾರ್ಡು ವಾರ್ಡಿಗೂ ಬೇರೆಯಾಗಿ ಲೆಕ್ಕ ಹಾಕಬೇಕು. ಪ್ರತಿ ವಾರ್ಡಿನಲ್ಲಿಯೂ ಅತಿ ದೊಡ್ಡ ಗೋದಾಮು ಯಾವುದು, ಅತಿ ಇಕ್ಕಟ್ಟಾದ ಗಲ್ಲಿ ಯಾವುದು ಎಂಬುದರಿಂದ ಆ ಲೆಕ್ಕ ಹೊರಡಬೇಕು.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೆಂದು ನಮ್ಮಲ್ಲಿ ಗಾದೆಯಿದೆ. ಬೆಂಗಳೂರಿನವರು ಒಂದು ಹೆಜ್ಜೆ ಮುಂದೆ ಹೋಗಿ ಇದ್ದ ಕೆರೆಗಳನ್ನೂ ಮುಚ್ಚಿದರು. ಹಳೆಯ ಪೇಟೆಯ ಮಗ್ಗುಲಲ್ಲಿಯೇ ತುಂಬಿ ನಿಂತಿದ್ದ ಧರ್ಮಾಂಬುಧಿಯ ಅಂಗಳದಲ್ಲಿ ಈಗ ಕೆಂಪೇಗೌಡ ಬಸ್ ನಿಲ್ದಾಣವಿದೆ. ಸಂಪಂಗಿ ಕೆರೆಯಿದ್ದಲ್ಲಿ ಕಂಠೀರವ ಕ್ರೀಡಾಂಗಣವಿದೆ. ಇವು ಬೆಂಕಿಗೆಂದು ಕಟ್ಟಿದ ಕೆರೆಗಳಲ್ಲ, ನಿಜ. ಆದರೆ ಪೇಟೆಗೆ ಸಮೀಪದಲ್ಲಿ ಬಿಟ್ಟಿಯಾಗಿ ದೊರೆತಿದ್ದ ಮೀಸಲು ನೀರನ್ನು ಕಳೆದುಕೊಂಡ ಮೇಲೆ ಅದಕ್ಕೆ ಬದಲಾಗಿ ತೊಟ್ಟಿಗಳನ್ನು ಕಟ್ಟಿಸುವ ಹೊಣೆ ಊರಿನ ಮೇಲೆ ಬಂದಿತು. ಅನೇಕ ಊರುಗಳಲ್ಲಿ ದೇವಸ್ಥಾನದ ಕಲ್ಯಾಣಿಗಳು ಇನ್ನೂ ಉಳಿದಿವೆ. ಹೂಳೆತ್ತಿಸಿ, ಎಂಜಿನು ಬಂದು ನಿಲ್ಲುವಷ್ಟು ದಾರಿ ಬಿಡಿಸಿ, ಕೊಳವೆ ಇಳಿಬಿಡಲು ಒಂದು ಮೂಲೆಯನ್ನು ಗೊತ್ತುಮಾಡಿದರೆ ಅವೇ ಕೈಪಿಡಿಯವರು ಹೇಳಿದ ತೊಟ್ಟಿಗಳಾದುವು.

ಇದು ಹಳೆಯ ಕಾಲದವರ ಹಂಬಲವೆಂದು ಯಾರೂ ನಗಬೇಕಾದುದಿಲ್ಲ. ೧೯೦೬ರ ಭೂಕಂಪದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದ ನೀರಿನ ಕೊಳವೆಗಳು ಮುರಿದು, ಅನಂತರದ ಬೆಂಕಿಯನ್ನು ನಂದಿಸಲು ನೀರಿಲ್ಲದೆ ಊರಿನ ಬಹುಭಾಗ ಉರಿದುಹೋಯಿತು. ಪಾಠ ಕಲಿತ ಆ ನಗರದವರು ಬೆಂಕಿಗೇ ಪ್ರತ್ಯೇಕವಾದ ಕೊಳವೆಗಳನ್ನು ಹಾಕಿಸಿದುದಲ್ಲದೆ ಬೀದಿಗಳ ಕೆಳಗೆ ತೊಟ್ಟಿಗಳನ್ನು ಕಟ್ಟಿಸಿದರು. ಅವುಗಳಲ್ಲಿ ಹೆಚ್ಚಿನವು ತಲಾ ೭೫,೦೦೦ ಗ್ಯಾಲನ್, ಎಂದರೆ ೨ ಲಕ್ಷ ೮೦ ಸಾವಿರ ಲೀಟರಿಗೂ ಮಿಕ್ಕು ಹಿಡಿಯತಕ್ಕವು. ಇನ್ನು ೨೦೨೫ರ ಜನವರಿಯಲ್ಲಿ ಅದೇ ರಾಜ್ಯದ ಲಾಸ್ ಏಂಜಲೀಸಿನ ಪ್ಯಾಲಿಸೇಡ್ಸ್ ಬಡಾವಣೆಗೆ ಕಾಡಿನ ಬೆಂಕಿ ನುಗ್ಗಿದಾಗ ಹದಿನೈದು ಗಂಟೆಗಳ ಕಾಲ ನೀರಿನ ಸೆಳೆತ ಎಂದಿನ ನಾಲ್ಕು ಪಟ್ಟಾಯಿತು. ಹತ್ತು ಹತ್ತು ಲಕ್ಷ ಗ್ಯಾಲನ್ನಿನ ಮೂರು ತೊಟ್ಟಿಗಳು ರಾತ್ರಿ ಕಳೆಯುವುದರೊಳಗೆ ಬರಿದಾದುವು. ಎತ್ತರದ ಬೀದಿಗಳ ಹೈಡ್ರಂಟುಗಳು ಒಣಗಿದುವು. ೧೧ ಕೋಟಿ ೭೦ ಲಕ್ಷ ಗ್ಯಾಲನ್ ಹಿಡಿಯುವ ಸಾಂತಾ ಯ್ನೆಸ್ ಜಲಾಶಯವು ದುರಸ್ತಿಗಾಗಿ ಆಗಲೇ ಖಾಲಿಯಾಗಿದ್ದಿತು. ಅಷ್ಟು ಸಿರಿವಂತ ಊರಿನ ಪಾಡು ಇದಾದರೆ, ತೊಟ್ಟಿಯಿದ್ದರೆ ಸಾಲದು, ಬೆಂಕಿಯ ಕಾಲದಲ್ಲಿ ಅದು ತುಂಬಿರುವಂತೆ ದುರಸ್ತಿಯ ತಿಂಗಳನ್ನು ಗೊತ್ತುಮಾಡುವುದೂ ಲೆಕ್ಕದೊಳಗೇ ಸೇರಿದುದೆಂದು ತಿಳಿಯಬೇಕು.

ಹೈಡ್ರಂಟುಗಳ ಮಾತು ಬಂದಿತಾದುದರಿಂದ ಕೊಳವೆಗಳ ವಿಷಯ ಎರಡು ಮಾತು. ದಿನ ಬಿಟ್ಟು ದಿನ, ಕೆಲವೇ ಗಂಟೆಗಳ ಹೊತ್ತು ನೀರು ಬಿಡುವ ಊರಿನಲ್ಲಿ ಬೀದಿಯ ಹೈಡ್ರಂಟು ಅಲಂಕಾರದ ವಸ್ತು. ಬೆಂಕಿಯು ನೀರು ಬಿಡುವವನ ವೇಳಾಪಟ್ಟಿಯನ್ನು ನೋಡಿಕೊಂಡು ಬರುವುದಿಲ್ಲ. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಗಳ ಕೆಲವು ವಾರ್ಡುಗಳಲ್ಲಿ ೨೦೦೮ರ ಸುಮಾರಿಗೆ ಹಗಲಿರುಳೂ ನೀರು ಹರಿಸುವ ಏರ್ಪಾಡು ಮೊದಲಾದಾಗ ಗೃಹಿಣಿಯರ ಅನುಕೂಲವನ್ನು ಎಲ್ಲರೂ ಹೊಗಳಿದರು. ಕೊಳವೆ ಸದಾ ತುಂಬಿರುವಲ್ಲಿ ಮಾತ್ರ ಹೈಡ್ರಂಟಿಗೆ ಅರ್ಥವಿದೆಯೆಂಬ ಲಾಭವನ್ನು ಹೇಳಿದವರನ್ನು ನಾವು ಕಾಣೆವು. ಹೊಸ ಕೊಳವೆ ಹಾಕುವಾಗ ನಾಲ್ಕು ಅಂಗುಲದ ಬದಲು ಆರು ಅಂಗುಲದ್ದನ್ನು ಹಾಕಿದರೆ ಅಷ್ಟೇ ಒತ್ತಡದಲ್ಲಿ ಹೆಚ್ಚು ಕಡಮೆ ಮೂರು ಪಟ್ಟು ನೀರು ಹರಿಯುತ್ತದೆ. ನೆಲ ಅಗೆಯುವ ಕೂಲಿ ಎರಡಕ್ಕೂ ಹೆಚ್ಚು ಕಡಮೆ ಒಂದೇ.

ಎತ್ತರದ ಕಟ್ಟಡಗಳ ಮಾಲೀಕರಿಗೂ ಈ ಲೆಕ್ಕದಲ್ಲಿ ಪಾಲುಂಟು. ರಾಷ್ಟ್ರೀಯ ಕಟ್ಟಡ ಸಂಹಿತೆಯಂತೆ ಇಂಥ ಕಟ್ಟಡಗಳ ನೆಲದಡಿಯಲ್ಲಿಯೋ ತಾರಸಿಯಲ್ಲಿಯೋ ಬೆಂಕಿಗೆ ಮೀಸಲಾದ ತೊಟ್ಟಿಯಿರಬೇಕು. ನೆಲತೊಟ್ಟಿಗೆ ನಿಮಿಷಕ್ಕೆ ೧,೦೦೦ ಲೀಟರಿನಂತೆ ನೀರು ಮತ್ತೆ ತುಂಬುವಂತಿರಬೇಕು. ಆ ಸಂಹಿತೆಯಲ್ಲಿ ಬಹು ಜಾಣತನದ ಒಂದು ವಿಧಿಯಿದೆ. ಬರುವ ನೀರು ಮೊದಲು ಬೆಂಕಿಯ ತೊಟ್ಟಿಗೆ ಬೀಳಬೇಕು. ಅದು ತುಂಬಿ ಹೊರಚೆಲ್ಲಿದ ನೀರು ಮಾತ್ರ ಮನೆಬಳಕೆಯ ಸಂಪಿಗೆ ಹೋಗಬೇಕು. ಹೀಗಾದರೆ ಮೀಸಲು ನೀರು ಎಂದೂ ತುಂಬಿರುತ್ತದೆ, ಕೊಳೆಯುವುದೂ ಇಲ್ಲ. ಆದರೆ ಬೇಸಗೆಯಲ್ಲಿ ಟ್ಯಾಂಕರಿನ ನೀರಿಗೆ ದುಡ್ಡು ತೆರುವವನು ಬೆಂಕಿಯ ತೊಟ್ಟಿಯೊಳಕ್ಕೆ ಒಂದು ಸಣ್ಣ ಮೋಟಾರನ್ನು ಇಳಿಸಿಬಿಟ್ಟರೆ ಆ ಜಾಣತನವೆಲ್ಲ ಮಣ್ಣುಪಾಲು. ಪರವಾನಗಿ ಕೊಡುವ ದಿನ ಮಾತ್ರ ತೊಟ್ಟಿಯನ್ನು ನೋಡುವ ತನಿಖೆಯಿಂದ ಇದು ಹೊರಬೀಳದು. ತನಿಖೆಯವರು ಹೇಳದೆ ಕೇಳದೆ ಏಪ್ರಿಲ್ ತಿಂಗಳಲ್ಲಿ ಬರಬೇಕು, ಕೋಲನ್ನು ಇಳಿಬಿಟ್ಟು ಅಳೆಯಬೇಕು.

ನೀರೊಂದಿದ್ದರೆ ಎಲ್ಲವೂ ಆಯಿತೆಂದು ನಾವು ಹೇಳುತ್ತಿಲ್ಲ. ೨೦೧೦ರ ಫೆಬ್ರವರಿ ೨೩ರಂದು ಬೆಂಗಳೂರಿನ ಕಾರ್ಲ್ಟನ್ ಟವರ್ಸ್ ಕಟ್ಟಡದಲ್ಲಿ ಒಂಬತ್ತು ಜನರು ಪ್ರಾಣ ಬಿಟ್ಟುದು ನೀರಿನ ಅಭಾವದಿಂದಲ್ಲ. ಹೊಗೆ ತುಂಬಿ, ಹೊರದಾರಿ ಕಾಣದೆ, ಕೆಲವರು ಮೇಲಿನಿಂದ ಧುಮುಕಿ. ಅರಗಿನ ಮನೆಯಿಂದ ಪಾಂಡವರನ್ನು ಉಳಿಸಿದುದು ಕೊಡಗಟ್ಟಲೆ ನೀರಲ್ಲ, ವಿದುರನು ಮುಂದಾಲೋಚಿಸಿ ತೋಡಿಸಿದ ಸುರಂಗ. ಕಟ್ಟುವ ಸಾಮಗ್ರಿಯೂ ಹಾಗೆಯೇ. ಮೈಸೂರಿನ ಹಳೆಯ ಮರದ ಅರಮನೆ ೧೮೯೭ರಲ್ಲಿ ರಾಜಕುಮಾರಿಯ ಮದುವೆಯ ಸಂದರ್ಭದಲ್ಲಿ ಸುಟ್ಟುಹೋದ ಮೇಲೆ, ೧೯೧೨ರಲ್ಲಿ ಪೂರ್ಣವಾದ ಹೊಸ ಅರಮನೆ ಕಲ್ಲು, ಇಟ್ಟಿಗೆ, ಕಬ್ಬಿಣಗಳಿಂದ ಎದ್ದಿತು. ವಿಮೆಯವರ ಅಂಕದಲ್ಲಿ ಹೇಳುವುದಾದರೆ ಒಂದೂವರೆಯಿಂದ ದಶಾಂಶ ಆರರ ಕಡೆಗೆ ಬಂದಂತೆ. ಹೊರದಾರಿ ಜನರನ್ನು ಉಳಿಸುತ್ತದೆ, ಸಾಮಗ್ರಿ ಬೆಂಕಿಯನ್ನು ತಡೆಯುತ್ತದೆ. ಇವೆರಡನ್ನೂ ಮೀರಿ ಹಬ್ಬಿದ ಬೆಂಕಿಯು ಪಕ್ಕದ ಮನೆಗೆ, ಇಡಿಯ ಬೀದಿಗೆ ದಾಟದಂತೆ ಮಾಡುವುದು ನೀರು.

ಈ ನೀರಿಗೆ ಹೊಣೆಗಾರರು ಯಾರು? ಸಂವಿಧಾನದ ಹನ್ನೆರಡನೆಯ ಅನುಸೂಚಿಯಲ್ಲಿ ನೀರು ಸರಬರಾಜು ಐದನೆಯ ಬಾಬು, ಅಗ್ನಿಶಾಮಕ ಸೇವೆ ಏಳನೆಯ ಬಾಬು. ಎರಡೂ ಪೌರಸಂಸ್ಥೆಗಳಿಗೆ ವಹಿಸತಕ್ಕ ವಿಷಯಗಳು. ನಮ್ಮ ರಾಜ್ಯದಲ್ಲಿ ಅಗ್ನಿಶಾಮಕ ದಳದ ಕಾನೂನೂ, ಬೆಂಗಳೂರು ಜಲಮಂಡಳಿಯ ಕಾನೂನೂ ಒಂದೇ ೧೯೬೪ರಲ್ಲಿ ಹುಟ್ಟಿದುವು. ಒಂದೇ ವರ್ಷದ ಮಕ್ಕಳಾದರೂ ಬೇರೆ ಬೇರೆ ಮನೆಗಳಲ್ಲಿ ಬೆಳೆದುವು. ಎಂಜಿನು ಒಬ್ಬರದು, ನೀರು ಇನ್ನೊಬ್ಬರದು, ಪರವಾನಗಿ ಮೂರನೆಯವರದು. ಹೀಗಿರುವಲ್ಲಿ ಮೀಸಲು ನೀರಿನ ಲೆಕ್ಕ ಯಾರ ಮೇಜಿನ ಮೇಲೂ ಇಲ್ಲದೆ ಹೋಗುವುದು ಆಶ್ಚರ್ಯವಲ್ಲ.

ಪುರಸಭೆ, ನಗರಸಭೆಗಳ ಸದಸ್ಯರು ಮುಂದಿನ ಆಯವ್ಯಯದ ಸಭೆಯಲ್ಲಿ ಅಧಿಕಾರಿಗಳಿಂದ ಬರೆಹದ ಮೂಲಕ ಉತ್ತರ ಪಡೆಯಬೇಕೆಂದು ನಾವು ಕೋರುತ್ತೇವೆ. ಕೈಪಿಡಿಯ ಸೂತ್ರದಂತೆ ನಮ್ಮ ಊರಿಗೆ ಬರುವ ಮೀಸಲು ಎಷ್ಟು, ಅದರಲ್ಲಿ ಸರಬರಾಜಿನ ತೊಟ್ಟಿಯಲ್ಲಿರುವುದೆಷ್ಟು, ಬೀದಿಗಳಲ್ಲಿ ನಿಂತಿರುವುದೆಷ್ಟು? ಊರಿನ ಅತಿ ದೊಡ್ಡ ಗೋದಾಮಿಗೆ ಅತಿ ಸಮೀಪದ ನೀರು ಎಷ್ಟು ದೂರ, ಅಲ್ಲಿಂದ ಎಂಜಿನು ತುಂಬಿಕೊಂಡು ಹಿಂದಿರುಗಲು ಎಷ್ಟು ನಿಮಿಷ? ಈ ಎರಡನೆಯದಕ್ಕೆ ಉತ್ತರವನ್ನು ಮೇಜಿನ ಮುಂದೆ ಕೂತು ಬರೆಯದೆ, ಸಂತೆಯ ದಿನ ಬೆಳಗ್ಗೆ ಹತ್ತು ಗಂಟೆಗೆ ಎಂಜಿನನ್ನು ನಿಜವಾಗಿಯೂ ಓಡಿಸಿ, ಗಡಿಯಾರ ಹಿಡಿದು ನೋಡಿ ಬರೆಯಬೇಕು. ಬಂದ ಉತ್ತರಗಳನ್ನು ನಮಗೆ ಕಳುಹಿಸಿದರೆ ಊರಿನ ಹೆಸರು ಸಹಿತ ಈ ಅಂಕಣದಲ್ಲಿಯೇ ಪ್ರಕಟಿಸುತ್ತೇವೆ.